ಬುಷ್ ಮತ್ತು ವೈಟ್: ಹತ್ತು ಯಾರ್ಡ್ ಅಂತರದ ಇಬ್ಬರು ಓಟಗಾರರು

ಪ್ರಶ್ನೆ: ನಾವು ಲಾಸ್ ಏಂಜಲೀಸ್ ಬಳಿ ನೆಲೆಸಿರುವ ಕನ್ನಡಿಗರು. ಮಗ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ (ಯುಎಸ್‌ಸಿ) ಸೇರಿದ ಮೇಲೆ ಮನೆಯಲ್ಲಿ ಕಾಲೇಜು ಫುಟ್‌ಬಾಲ್‌ನದೇ ಮಾತು. 2003ರಿಂದ 2005ರವರೆಗೆ ಆ ತಂಡದಲ್ಲಿ ಒಟ್ಟಿಗೆ ಆಡಿದ ರೆಜಿ ಬುಷ್ ಮತ್ತು ಲೆನ್‌ಡೇಲ್ ವೈಟ್ ಇವರಲ್ಲಿ ಯಾರು ಉತ್ತಮ ರನ್ನಿಂಗ್ ಬ್ಯಾಕ್? ಬುಷ್‌ಗೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಿಗುವ ಹೈಸ್ಮನ್ ಪ್ರಶಸ್ತಿ ಬಂತು ಎನ್ನುವುದು ನನ್ನ ಭಾವನವರ ವಾದ. ವೈಟ್ ಬುಷ್‌ಗಿಂತ ಎರಡು ಪಟ್ಟು ಟಚ್‌ಡೌನ್ ಮಾಡಿದ್ದಾನೆ ಎನ್ನುವುದು ಮಗನ ವಾದ. ಟೆಕ್ಸಸ್ ವಿರುದ್ಧದ ಫೈನಲ್‌ನ ಕೊನೆಯ ಘಟ್ಟದಲ್ಲಿ ಬುಷ್ ಅವರನ್ನು ಹೊರಗೆ ನಿಲ್ಲಿಸಿದ್ದು ಸರಿಯೇ ಎಂಬುದನ್ನೂ ದಯವಿಟ್ಟು ವಿವರಿಸಿ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಒಟ್ಟು ಸಾಮರ್ಥ್ಯದಲ್ಲಿ ಯಾರು ಮೇಲು, ತಂಡಕ್ಕೆ ತೀರ ಅಗತ್ಯವಾದ ಒಂದೆರಡು ಯಾರ್ಡ್‌ಗಳನ್ನು ಗಳಿಸಿಕೊಡುವುದರಲ್ಲಿ ಯಾರು ಮೇಲು, ಮತ್ತು ಆ ರಾತ್ರಿಯ ತೀರ್ಮಾನ ಸರಿಯಿತ್ತೇ ಎಂಬುವೇ ಆ ಮೂರು. ಮೊದಲನೆಯದಕ್ಕೆ ನನ್ನ ಉತ್ತರ ಬುಷ್, ಎರಡನೆಯದಕ್ಕೆ ವೈಟ್. ಮೂರನೆಯದರಲ್ಲಿ ಚೆಂಡನ್ನು ವೈಟ್ ಕೈಗೆ ಕೊಟ್ಟದ್ದು ಸರಿ, ಬುಷ್ ಅವರನ್ನು ಅಂಕಣದಿಂದ ಹೊರಗಿಟ್ಟದ್ದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಮೂರು ಉತ್ತರಗಳು ಒಂದಕ್ಕೊಂದು ವಿರುದ್ಧವಲ್ಲ ಎಂಬುದನ್ನು ತೋರಿಸಲು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗುತ್ತದೆ.

ಈ ಆಟಕ್ಕೆ ಹೊಸಬರಾದ ಓದುಗರಿಗಾಗಿ ಒಂದು ನಿಯಮವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಇಡೀ ಹೋಲಿಕೆ ಅದರ ಮೇಲೆಯೇ ನಿಂತಿದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹೊಂದಿರುವ ತಂಡಕ್ಕೆ ಹತ್ತು ಯಾರ್ಡ್ ಮುಂದುವರಿಯಲು ನಾಲ್ಕು ಅವಕಾಶಗಳಿರುತ್ತವೆ. ಪ್ರತಿಯೊಂದನ್ನೂ ಡೌನ್ ಎನ್ನುತ್ತಾರೆ. ಹತ್ತು ಯಾರ್ಡ್ ದಾಟಿದರೆ ಮತ್ತೆ ನಾಲ್ಕು ಅವಕಾಶ; ದಾಟದಿದ್ದರೆ ಚೆಂಡು ನಿಂತಲ್ಲೇ ಎದುರಾಳಿಯ ಪಾಲು. ಆದ್ದರಿಂದ ಸಾಮಾನ್ಯವಾಗಿ ನಾಲ್ಕನೆಯ ಡೌನ್‌ನಲ್ಲಿ ಚೆಂಡನ್ನು ದೂರಕ್ಕೆ ಒದ್ದು, ಅಂದರೆ ಪಂಟ್ ಮಾಡಿ, ಎದುರಾಳಿ ತನ್ನ ತುದಿಯಿಂದಲೇ ಆಟ ಆರಂಭಿಸುವಂತೆ ಮಾಡುತ್ತಾರೆ. ಅಂಕಣದ ತುದಿಯ ಗುರಿಗೆರೆಯನ್ನು ಚೆಂಡಿನೊಂದಿಗೆ ದಾಟುವುದೇ ಟಚ್‌ಡೌನ್. ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಮುಂದಕ್ಕೆ ಎಸೆಯುವುದು ಪಾಸ್; ರನ್ನಿಂಗ್ ಬ್ಯಾಕ್ ಎಂದರೆ ಅವನ ಕೈಯಿಂದ ಚೆಂಡು ಪಡೆದು ಓಡುವ ಆಟಗಾರ. ಎಂಟು ಯಾರ್ಡ್ ಬೇಕಿರುವಾಗ ಓಟಗಾರ ಏಳು ಯಾರ್ಡ್ ಓಡಿದರೆ ಕೆಲಸ ಇನ್ನೂ ಬಾಕಿ ಉಳಿಯುತ್ತದೆ. ಒಂದೇ ಯಾರ್ಡ್ ಬೇಕಿರುವಾಗ ಎರಡು ಯಾರ್ಡ್ ಓಡಿದರೆ ಅದು ಪೂರ್ಣ ಯಶಸ್ಸು. ಯಾರ್ಡ್‌ಗಳ ಮೊತ್ತವನ್ನಷ್ಟೇ ನೋಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ಈಗ ಮೊತ್ತಗಳಿಗೆ ಬರೋಣ. ಮೂರು ವರ್ಷಗಳಲ್ಲಿ ಬುಷ್ 433 ಬಾರಿ ಚೆಂಡು ಹಿಡಿದು ಓಡಿ 3,169 ಯಾರ್ಡ್ ಗಳಿಸಿದರು. ವೈಟ್ 541 ಬಾರಿ ಓಡಿ 3,159 ಯಾರ್ಡ್ ಗಳಿಸಿದರು. ಒಂದೇ ವರ್ಷ ಸೇರಿ, ಒಂದೇ ವರ್ಷ ಹೊರಟುಹೋದ ಇಬ್ಬರು ಆಟಗಾರರ ನಡುವೆ ಮೂರು ಸೀಸನ್‌ಗಳ ಕೊನೆಯಲ್ಲಿ ಉಳಿದದ್ದು ಹತ್ತೇ ಯಾರ್ಡ್‌ಗಳ ಅಂತರ. ಓಟದ ಟಚ್‌ಡೌನ್‌ಗಳಲ್ಲಿ ಮಾತ್ರ ವೈಟ್ 52, ಬುಷ್ 25. ನಿಮ್ಮ ಮಗ ಹೇಳಿದ ‘ಎರಡು ಪಟ್ಟು’ ಎಂಬ ಮಾತು ಓಟದ ಮಟ್ಟಿಗೆ ಅಕ್ಷರಶಃ ನಿಜ. ಆದರೆ ಅದೇ ಹತ್ತಿರಹತ್ತಿರದ ಯಾರ್ಡ್‌ಗಳನ್ನು ಗಳಿಸಲು ವೈಟ್‌ಗೆ 108 ಓಟಗಳು ಹೆಚ್ಚು ಬೇಕಾದವು ಎಂಬುದೂ ಅಷ್ಟೇ ನಿಜ. ಸರಾಸರಿ ಲೆಕ್ಕದಲ್ಲಿ ಬುಷ್ ಓಟವೊಂದಕ್ಕೆ 7.3 ಯಾರ್ಡ್, ವೈಟ್ 5.8 ಯಾರ್ಡ್. ಕಾಲೇಜು ಮಟ್ಟದಲ್ಲಿ 5.8 ಕೂಡ ಬಹಳ ಒಳ್ಳೆಯ ಸರಾಸರಿ, 7.3 ತೀರ ಅಪರೂಪದ್ದು.

2005ರ ಸೀಸನ್ ಈ ಹೋಲಿಕೆಗೆ ಎಲ್ಲಕ್ಕಿಂತ ಅನುಕೂಲವಾದದ್ದು, ಏಕೆಂದರೆ ಆ ವರ್ಷ ಇಬ್ಬರಿಗೂ ಸಿಕ್ಕ ಓಟಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಬುಷ್ 200 ಬಾರಿ ಓಡಿ 1,740 ಯಾರ್ಡ್ ಮತ್ತು 16 ಟಚ್‌ಡೌನ್. ವೈಟ್ 197 ಬಾರಿ ಓಡಿ 1,302 ಯಾರ್ಡ್ ಮತ್ತು 24 ಟಚ್‌ಡೌನ್. ಇಬ್ಬರೂ ಓಡಿದ್ದು, ಎದುರಾಳಿಗಳನ್ನು ತಡೆದು ದಾರಿ ತೆರೆಯುವ ಒಂದೇ ಮುಂಚೂಣಿ ಸಾಲಿನ ಹಿಂದೆ. ಆ ಸಾಲಿನ ಸೆಂಟರ್ ರಯನ್ ಕಲೀಲ್, ಟ್ಯಾಕಲ್ ಸ್ಥಾನದ ಸ್ಯಾಮ್ ಬೇಕರ್ ಮತ್ತು ವಿನ್‌ಸ್ಟನ್ ಜಸ್ಟಿಸ್, ಗಾರ್ಡ್ ಡ್ಯೂಸ್ ಲುಟುಯಿ ಇವರೆಲ್ಲ ಮುಂದೆ ವೃತ್ತಿಪರ ಲೀಗಿಗೆ ಹೋದ ಆಟಗಾರರು. ಕೋಚ್ ಪೀಟ್ ಕ್ಯಾರಲ್ ಒಬ್ಬರೇ, ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಲೈನಾರ್ಟ್ ಒಬ್ಬರೇ, ಎದುರಾಳಿ ತಂಡಗಳೂ ಅವೇ. ಬೇರೆ ಬೇರೆ ತಂಡಗಳ ಇಬ್ಬರು ಓಟಗಾರರನ್ನು ಹೋಲಿಸುವಾಗ, ಇವನಿಗೆ ಒಳ್ಳೆಯ ಸಾಲು ಸಿಕ್ಕಿತು, ಅವನಿಗೆ ದುರ್ಬಲ ಎದುರಾಳಿಗಳು ಸಿಕ್ಕರು ಎಂದು ವಾದ ಬೆಳೆಯುತ್ತಲೇ ಹೋಗುತ್ತದೆ. ಇಲ್ಲಿ ಆ ತೊಡಕುಗಳಲ್ಲಿ ಹೆಚ್ಚಿನವು ಇಲ್ಲ. ಒಂದೇ ತಂಡದ ಇಬ್ಬರ ಹೋಲಿಕೆ ನನಗೆ ಇಷ್ಟವಾಗುವುದು ಈ ಕಾರಣಕ್ಕೆ.

ಬುಷ್ ಅವರ ಸರಾಸರಿಯ ಬಗ್ಗೆ ಒಂದು ನ್ಯಾಯವಾದ ಆಕ್ಷೇಪ ಉಂಟು. ಒಂದೆರಡು ಪಂದ್ಯಗಳಲ್ಲಿ ಸಿಡಿದ ಭಾರಿ ಓಟಗಳು ಇಡೀ ಸೀಸನ್ನಿನ ಸರಾಸರಿಯನ್ನು ಉಬ್ಬಿಸಿವೆ ಎನ್ನುವುದು ಆ ಆಕ್ಷೇಪ. ಅದನ್ನು ಪರೀಕ್ಷಿಸಿ ನೋಡಬಹುದು. 2005ರ ನವೆಂಬರ್ 19ರಂದು ಫ್ರೆಸ್ನೊ ಸ್ಟೇಟ್ ವಿರುದ್ಧ ಬುಷ್ 23 ಓಟಗಳಲ್ಲಿ 294 ಯಾರ್ಡ್ ಗಳಿಸಿದರು. ಪಾಸ್ ಹಿಡಿದದ್ದು ಮತ್ತು ಒದ್ದ ಚೆಂಡನ್ನು ಹಿಂದಿರುಗಿ ತಂದದ್ದು ಸೇರಿದರೆ ಆ ಒಂದೇ ಪಂದ್ಯದಲ್ಲಿ 513 ಯಾರ್ಡ್. ಯುಎಸ್‌ಸಿ 50-42ರಿಂದ ಗೆದ್ದ ಆ ಪಂದ್ಯವೇ ಬಹುಮಟ್ಟಿಗೆ ಅವರಿಗೆ ಹೈಸ್ಮನ್ ತಂದುಕೊಟ್ಟಿತು. ಎರಡು ವಾರಗಳ ನಂತರ ನಗರದ ಪ್ರತಿಸ್ಪರ್ಧಿ ಯುಸಿಎಲ್‌ಎ ವಿರುದ್ಧ 24 ಓಟಗಳಲ್ಲಿ 260 ಯಾರ್ಡ್. ಈ ಎರಡೂ ಪಂದ್ಯಗಳನ್ನು ಪೂರ್ತಿ ಕಳೆದುಬಿಟ್ಟರೂ ಉಳಿದ 153 ಓಟಗಳಲ್ಲಿ 1,186 ಯಾರ್ಡ್ ಉಳಿಯುತ್ತದೆ, ಅಂದರೆ ಓಟಕ್ಕೆ 7.75 ಯಾರ್ಡ್. ವೈಟ್ ಅವರ ಪಂದ್ಯಗಳಲ್ಲಿ ಒಂದನ್ನೂ ಕಳೆಯದೆ ಲೆಕ್ಕ ಹಾಕಿದರೆ ಬರುವ ಸರಾಸರಿ 6.6. ತನ್ನ ಅತ್ಯುತ್ತಮ ಎರಡು ಪಂದ್ಯಗಳನ್ನು ಬಿಟ್ಟುಕೊಟ್ಟ ಮೇಲೂ ಒಬ್ಬ ಆಟಗಾರ ಓಟಕ್ಕೆ ಒಂದು ಯಾರ್ಡ್‌ಗಿಂತ ಹೆಚ್ಚು ಮುಂದಿದ್ದರೆ, ಆ ಮುನ್ನಡೆ ಆಕಸ್ಮಿಕವಲ್ಲ.

ಹಾಗಿದ್ದರೆ ಟಚ್‌ಡೌನ್‌ಗಳ ಲೆಕ್ಕ ಏಕೆ ತಿರುಗುಮುರುಗಾಯಿತು? 2005ರಲ್ಲಿ ವೈಟ್ ಸುಮಾರು ಎಂಟು ಓಟಗಳಿಗೆ ಒಂದು ಟಚ್‌ಡೌನ್ ಮಾಡಿದರೆ, ಬುಷ್‌ಗೆ ಹನ್ನೆರಡೂವರೆ ಓಟ ಬೇಕಾಯಿತು. ಟಚ್‌ಡೌನ್ ಎಂಬುದು ಓಟಗಾರನ ಸಾಮರ್ಥ್ಯವನ್ನು ತೋರಿಸುವಷ್ಟೇ ಕೋಚ್ ಅವನನ್ನು ಯಾವ ಜಾಗದಲ್ಲಿ ಬಳಸುತ್ತಾನೆ ಎಂಬುದನ್ನೂ ತೋರಿಸುತ್ತದೆ. ಗುರಿಗೆರೆ ಮೂರು ನಾಲ್ಕು ಯಾರ್ಡ್ ದೂರದಲ್ಲಿದ್ದಾಗ ಕ್ಯಾರಲ್ ಅವರ ತಂಡ ಮೊದಲು ನೋಡುತ್ತಿದ್ದುದು ವೈಟ್ ಕಡೆಗೆ. ಬುಷ್ 40 ಯಾರ್ಡ್ ಓಡಿ ಚೆಂಡನ್ನು ಐದನೆಯ ಯಾರ್ಡ್‌ಗೆ ತಂದು, ಮುಂದಿನ ಡೌನ್‌ನಲ್ಲಿ ವೈಟ್ ಒಳನುಗ್ಗಿದರೆ, ಅಂಕಪಟ್ಟಿಯಲ್ಲಿ ಟಚ್‌ಡೌನ್ ವೈಟ್ ಹೆಸರಿಗೇ ಹೋಗುತ್ತದೆ. ಹೀಗಾಗಿ 52 ಎಂಬ ಸಂಖ್ಯೆಯನ್ನು ಇಟ್ಟುಕೊಂಡು ವೈಟ್ ಎರಡು ಪಟ್ಟು ಉತ್ತಮ ಎನ್ನುವುದು ಸರಿಯಲ್ಲ.

ಆದರೂ ಆ ಸಂಖ್ಯೆಯನ್ನು ಬರೀ ಅವಕಾಶದ ಫಲ ಎಂದು ತಳ್ಳಿಹಾಕುವವರ ಜೊತೆಗೂ ನಾನು ಸೇರುವುದಿಲ್ಲ. ಗುರಿಗೆರೆಯ ಬಳಿ ರಕ್ಷಣಾ ತಂಡಕ್ಕೆ ಕಾಯಬೇಕಾದ ಜಾಗ ಕಡಿಮೆ. ಹನ್ನೊಂದು ಮಂದಿಯೂ ಒತ್ತಾಗಿ ನಿಂತಿರುತ್ತಾರೆ, ಓಟ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಅಂಥ ಕಡೆ ಮತ್ತೆ ಮತ್ತೆ ಅವಕಾಶ ಸಿಗುವುದು ಮತ್ತೆ ಮತ್ತೆ ಯಶಸ್ವಿಯಾದವನಿಗೆ ಮಾತ್ರ. ಮೊದಲ ವರ್ಷವೇ 13, ಎರಡನೆಯ ವರ್ಷ 15, ಮೂರನೆಯ ವರ್ಷ 24 ಎಂದು ವೈಟ್ ಅವರ ಟಚ್‌ಡೌನ್‌ಗಳು ಏರುತ್ತ ಹೋದದ್ದು ಆ ವಿಶ್ವಾಸ ಉಳಿದು ಬೆಳೆಯಿತು ಎಂಬುದಕ್ಕೆ ಸಾಕ್ಷಿ. 2005ರ ಜನವರಿಯಲ್ಲಿ ಒಕ್ಲಹೋಮ ತಂಡವನ್ನು 55-19ರಿಂದ ಸೋಲಿಸಿದ ಆರೆಂಜ್ ಬೌಲ್ ಪಂದ್ಯದಲ್ಲೂ ನೆಲದ ಮೇಲಿನ ಭಾರವನ್ನು ಹೆಚ್ಚಾಗಿ ಹೊತ್ತವರು ಅವರೇ: 118 ಯಾರ್ಡ್, ಎರಡು ಟಚ್‌ಡೌನ್.

ಇಬ್ಬರ ಓಟದ ಶೈಲಿ ನೋಡಿದರೆ ಈ ಹಂಚಿಕೆ ಏಕೆ ಬಂತು ಎಂಬುದು ಅರ್ಥವಾಗುತ್ತದೆ. ವೈಟ್ ಕೊಲರಾಡೊದಿಂದ ಬಂದವರು, ಸುಮಾರು 235 ಪೌಂಡ್, ಅಂದರೆ ನೂರಾ ಆರು ಕಿಲೋ ತೂಕದ ದೃಢಕಾಯ. ಚೆಂಡು ಕೈಗೆ ಬಂದೊಡನೆ ಅವರ ಭುಜಗಳು ಗುರಿಗೆರೆಗೆ ಎದುರಾಗಿ ನಿಲ್ಲುತ್ತಿದ್ದವು. ಮುಂದೆ ಸಣ್ಣ ಸಂದು ಕಂಡರೂ ಅದರಲ್ಲೇ ನುಗ್ಗುತ್ತಿದ್ದರು. ಎದುರಾಳಿಯ ಮೊದಲ ಹಿಡಿತ (ಟ್ಯಾಕಲ್) ತಗುಲಿದ ಮೇಲೂ ಕಾಲು ನಿಲ್ಲಿಸದೆ ಒಂದೆರಡು ಯಾರ್ಡ್ ತಳ್ಳಿಕೊಂಡು ಹೋಗುತ್ತಿದ್ದರು. ಹಿಂದಕ್ಕೆ ಬಿದ್ದು ನಷ್ಟ ಮಾಡಿಕೊಳ್ಳುವ ಓಟಗಳು ಅಂಥ ಶೈಲಿಯಲ್ಲಿ ಕಡಿಮೆ. ಭಾರಿ ಮೈಯ ಹೊರತಾಗಿಯೂ ಅವರ ಪಾದಗಳು ಚುರುಕಾಗಿದ್ದವು ಎಂಬುದನ್ನು ಜನ ಮರೆತಿದ್ದಾರೆ. ಬರೀ ಗುದ್ದಾಡುವ ಓಟಗಾರನಿಗೆ ಒಂದು ಸೀಸನ್ನಿನಲ್ಲಿ 6.6 ಸರಾಸರಿ ಬರುವುದಿಲ್ಲ.

ಸ್ಯಾನ್ ಡಿಯೇಗೊ ಕಡೆಯ ಬುಷ್ ಅವರದು ಸುಮಾರು 200 ಪೌಂಡ್ ಮೈಕಟ್ಟು. ಅವರ ವೈಶಿಷ್ಟ್ಯ ವೇಗಕ್ಕಿಂತಲೂ ಹೆಚ್ಚಾಗಿ ವೇಗ ಬದಲಿಸುವ ಕಲೆಯಲ್ಲಿತ್ತು. ಪೂರ್ಣ ವೇಗದಲ್ಲಿದ್ದವರು ಒಂದೇ ಹೆಜ್ಜೆಯಲ್ಲಿ ನಿಂತು, ಮೈ ತಿರುಗಿಸಿ, ಮತ್ತೆರಡು ಹೆಜ್ಜೆಯಲ್ಲಿ ಪೂರ್ಣ ವೇಗಕ್ಕೆ ಬರಬಲ್ಲವರಾಗಿದ್ದರು. ಫ್ರೆಸ್ನೊ ಸ್ಟೇಟ್ ವಿರುದ್ಧ ಒಂದು ಓಟದಲ್ಲಿ ಅಂಕಣದ ಎಡ ಅಂಚಿನಲ್ಲಿ ಹಠಾತ್ತನೆ ನಿಂತು, ಚೆಂಡನ್ನು ಬೆನ್ನ ಹಿಂದಿನಿಂದ ಕೈ ಬದಲಿಸಿ, ಇಡೀ ಅಂಕಣವನ್ನು ಅಡ್ಡಲಾಗಿ ದಾಟಿ ಟಚ್‌ಡೌನ್ ಮಾಡಿದ ದೃಶ್ಯವನ್ನು ನಿಮ್ಮ ಮಗ ಖಂಡಿತ ನೋಡಿರುತ್ತಾನೆ. ನೋಡಿಲ್ಲವಾದರೆ ಇಂದೇ ತೋರಿಸಿ. ಇಂಥ ಓಟಕ್ಕೆ ಬೆಲೆಯೂ ಇದೆ. ಅಡ್ಡಲಾಗಿ ಓಡುವವನು ಜಾಗಕ್ಕಾಗಿ ಕಾಯುತ್ತಾನೆ, ಕಾಯುವಾಗ ಹಿಂದಿನಿಂದ ಯಾರಾದರೂ ಹಿಡಿದರೆ ಎರಡು ಯಾರ್ಡ್ ನಷ್ಟ. ಮೊದಲನೆಯ ಡೌನ್‌ನಲ್ಲಿ ಆ ಅಪಾಯ ತೆಗೆದುಕೊಳ್ಳುವುದು ಲಾಭದಾಯಕ, ಏಕೆಂದರೆ ಇನ್ನೂ ಮೂರು ಅವಕಾಶಗಳಿವೆ. ಎರಡು ಯಾರ್ಡ್ ಬೇಕೇಬೇಕು ಎನ್ನುವ ಕೊನೆಯ ಅವಕಾಶದಲ್ಲಿ ಅದೇ ಅಪಾಯ ದುಬಾರಿ. ಕಬಡ್ಡಿ ಬಲ್ಲವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಒಂದೇ ದಾಳಿಯಲ್ಲಿ ನಾಲ್ವರನ್ನು ಔಟ್ ಮಾಡಬಲ್ಲ ರೈಡರ್ ಬೇರೆ, ಮಾಡು-ಇಲ್ಲವೆ-ಮಡಿ ದಾಳಿಯಲ್ಲಿ ಒಂದು ಅಂಕ ತಂದೇ ತರುವ ರೈಡರ್ ಬೇರೆ.

ಅಮೆರಿಕದ ಪತ್ರಿಕೆಗಳು ಈ ಜೋಡಿಯನ್ನು ‘ಗುಡುಗು ಮತ್ತು ಮಿಂಚು’ ಎಂದು ಕರೆದವು. ವೈಟ್ ಗುಡುಗು, ಬುಷ್ ಮಿಂಚು. ಈ ಬಿರುದಿನಲ್ಲಿ ಒಂದು ಅಂಶ ಬಿಟ್ಟುಹೋಗಿದೆ, ಅದು ಹೋಲಿಕೆಯ ತಕ್ಕಡಿಯನ್ನು ನಿರ್ಣಾಯಕವಾಗಿ ತಗ್ಗಿಸುತ್ತದೆ. ಬುಷ್ ಓಟಗಾರ ಮಾತ್ರ ಆಗಿರಲಿಲ್ಲ. ಮೂರು ವರ್ಷಗಳಲ್ಲಿ ಅವರು 95 ಪಾಸ್‌ಗಳನ್ನು ಹಿಡಿದು 1,301 ಯಾರ್ಡ್ ಮತ್ತು 13 ಟಚ್‌ಡೌನ್ ಗಳಿಸಿದರು. ಎದುರಾಳಿ ಒದ್ದ ಚೆಂಡನ್ನು ಹಿಡಿದು ಹಿಂದಿರುಗಿ ಓಡುವ ಕೆಲಸವೂ ಅವರದಾಗಿತ್ತು. ಪಾಸ್ ಹಿಡಿಯುವುದರಲ್ಲಾಗಲಿ, ಚೆಂಡು ಹಿಂದಿರುಗಿಸುವುದರಲ್ಲಾಗಲಿ ವೈಟ್ ಅವರ ಕೊಡುಗೆ ಇದರ ಸಮೀಪಕ್ಕೂ ಬರುವುದಿಲ್ಲ. ಓಟದ ಯಾರ್ಡ್‌ಗಳಲ್ಲಿ ಇಬ್ಬರೂ ಸಮಾನ ಎಂದೇ ಇಟ್ಟುಕೊಂಡರೂ, ಉಳಿದ ಎರಡು ಕೆಲಸಗಳು ಬುಷ್ ಅವರನ್ನು ಸ್ಪಷ್ಟವಾಗಿ ಮೇಲಕ್ಕೆ ಒಯ್ಯುತ್ತವೆ. ನಿಮ್ಮ ಭಾವನವರು ಬುಷ್ ಪರ ವಾದಿಸುವುದು ಸರಿ; ಆದರೆ ಅದಕ್ಕೆ ಅವರು ಪ್ರಶಸ್ತಿಯನ್ನು ಆಧಾರವಾಗಿ ಕೊಡುವ ಬದಲು ಈ 95 ಪಾಸ್‌ಗಳನ್ನು ಕೊಡಬೇಕಿತ್ತು.

ಇಬ್ಬರ ಅಂಕಿಗಳನ್ನು ಬೇರೆಬೇರೆಯಾಗಿ ಓದುವುದರಲ್ಲೂ ಒಂದು ಅಪಾಯವಿದೆ. ಬುಷ್ ಅಂಕಣದಲ್ಲಿದ್ದಾಗ, ಅವರು ಚೆಂಡು ಮುಟ್ಟಲಿ ಬಿಡಲಿ, ರಕ್ಷಣಾ ತಂಡದ ಒಬ್ಬ ಲೈನ್‌ಬ್ಯಾಕರ್ (ಮುಂಚೂಣಿಯ ಹಿಂದೆ ನಿಲ್ಲುವವನು) ಅಥವಾ ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಲ್ಲುವವನು) ಅವರ ಮೇಲೆ ಕಣ್ಣಿಟ್ಟೇ ಇರಬೇಕಾಗುತ್ತಿತ್ತು. ಯುಎಸ್‌ಸಿ ಹಲವು ಬಾರಿ ಇಬ್ಬರನ್ನೂ ಒಟ್ಟಿಗೆ ಇಳಿಸುತ್ತಿತ್ತು: ವೈಟ್ ಕ್ವಾರ್ಟರ್‌ಬ್ಯಾಕ್ ಹಿಂದೆ, ಬುಷ್ ಬದಿಗೆ ಸರಿದು, ಪಾಸ್ ಹಿಡಿಯುವ ರಿಸೀವರ್ ಜಾಗದಲ್ಲಿ. ಆಗ ಮಧ್ಯದಲ್ಲಿ ಒಬ್ಬ ರಕ್ಷಕ ಕಡಿಮೆಯಾಗಿ, ವೈಟ್‌ಗೆ ನುಗ್ಗಲು ಜಾಗ ಸಿಗುತ್ತಿತ್ತು. ಹಾಗೆಯೇ ವೈಟ್ ಮಧ್ಯದಲ್ಲಿ ಹತ್ತು ಬಾರಿ ನುಗ್ಗಿ ರಕ್ಷಕರನ್ನು ಒಳಕ್ಕೆ ಎಳೆದ ಮೇಲೆಯೇ ಬುಷ್‌ಗೆ ಅಂಚುಗಳಲ್ಲಿ ದಾರಿ ತೆರೆಯುತ್ತಿತ್ತು. 2005ರಲ್ಲಿ ಇಬ್ಬರೂ ಸೇರಿ ಗಳಿಸಿದ 3,042 ಯಾರ್ಡ್ ಮತ್ತು 40 ಟಚ್‌ಡೌನ್‌ಗಳಲ್ಲಿ ಪ್ರತಿಯೊಬ್ಬರ ಪಾಲಿನಲ್ಲೂ ಇನ್ನೊಬ್ಬರ ದುಡಿಮೆ ಬೆರೆತಿದೆ. ಜೊತೆಗೆ ಆ ವರ್ಷ ಪಾಸಿನಲ್ಲಿ 3,815 ಯಾರ್ಡ್ ಗಳಿಸಿದ ಲೈನಾರ್ಟ್, ಡ್ವೇನ್ ಜ್ಯಾರೆಟ್‌ರಂಥ ರಿಸೀವರ್ ಇದ್ದುದರಿಂದ ಓಟವನ್ನೇ ನಿರೀಕ್ಷಿಸಿ ನಿಲ್ಲುವ ಧೈರ್ಯ ಯಾವ ರಕ್ಷಣಾ ತಂಡಕ್ಕೂ ಇರಲಿಲ್ಲ.

ಈ ಹಿನ್ನೆಲೆಯಲ್ಲಿ 2006ರ ಜನವರಿ 4ರ ರಾತ್ರಿಯನ್ನು ನೋಡಬೇಕು. ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣ. ಸತತ 34 ಪಂದ್ಯ ಗೆದ್ದು ಬಂದ ಯುಎಸ್‌ಸಿ ಒಂದು ಕಡೆ, ವಿನ್ಸ್ ಯಂಗ್ ನೇತೃತ್ವದ ಟೆಕ್ಸಸ್ ಇನ್ನೊಂದು ಕಡೆ. ಆ ಪಂದ್ಯದಲ್ಲಿ ವೈಟ್ 20 ಓಟಗಳಲ್ಲಿ 124 ಯಾರ್ಡ್, ಮೂರು ಟಚ್‌ಡೌನ್ ಗಳಿಸಿದರು. ಬುಷ್ 13 ಓಟಗಳಲ್ಲಿ 82 ಯಾರ್ಡ್, ಒಂದು ಟಚ್‌ಡೌನ್. ಜೊತೆಗೆ ಆರು ಪಾಸ್ ಹಿಡಿದು 95 ಯಾರ್ಡ್. ಇಲ್ಲಿ ಗಮನಿಸಬೇಕಾದದ್ದು, ಸೀಸನ್ ಉದ್ದಕ್ಕೂ ಎರಡು ಯಾರ್ಡ್‌ಗಳಷ್ಟು ಅಂತರವಿದ್ದ ಸರಾಸರಿಗಳು ಆ ರಾತ್ರಿ 6.2 ಮತ್ತು 6.3 ಎಂದು ಹೆಚ್ಚುಕಡಿಮೆ ಒಂದಾದವು. ಬುಷ್ ಅವರ ಉದ್ದದ ಓಟಗಳನ್ನು ತಡೆಯುವುದಕ್ಕೇ ಟೆಕ್ಸಸ್ ರಕ್ಷಣೆ ಹೆಚ್ಚು ಗಮನ ಕೊಟ್ಟಿತು, ಅದರ ಲಾಭ ವೈಟ್‌ಗೆ ಸಿಕ್ಕಿತು ಎಂಬುದು ನನ್ನ ವಿಶ್ಲೇಷಣೆ.

ಬುಷ್ ಅವರ ಒಂದು ದೊಡ್ಡ ತಪ್ಪೂ ಆ ಪಂದ್ಯದಲ್ಲೇ ಆಯಿತು. ಯುಎಸ್‌ಸಿ 7-0 ಮುಂದಿದ್ದಾಗ ಅವರು ಪಾಸ್ ಹಿಡಿದು ದೂರ ಓಡಿ, ಟ್ಯಾಕಲ್ ಆಗುವ ಮುನ್ನ ಚೆಂಡನ್ನು ಜೊತೆಗಾರನೊಬ್ಬನ ಕಡೆ ಪಕ್ಕಕ್ಕೆ ಎಸೆದರು. ಅದನ್ನು ನಿರೀಕ್ಷಿಸಿರದ ಜೊತೆಗಾರನ ಕೈಗೆ ಚೆಂಡು ಸಿಗದೆ ಟೆಕ್ಸಸ್ ಪಾಲಾಯಿತು. ಎದುರಾಳಿಯ ಗುರಿಗೆರೆಗೆ ಹತ್ತಿರವಾಗಿದ್ದ ತಂಡ ಬರಿಗೈಯಲ್ಲಿ ಹಿಂದಿರುಗಿತು. ಮೂರು ಅಂಕಗಳಿಂದ ನಿರ್ಧಾರವಾದ ಪಂದ್ಯದಲ್ಲಿ ಇದು ಸಣ್ಣ ವಿಷಯವಲ್ಲ, ಮತ್ತು ವೈಟ್ ಪರ ವಾದಿಸುವವರು ಇದನ್ನು ನೆನಪಿಸುವುದು ನ್ಯಾಯವೇ. ಆದರೆ ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅದೇ ಬುಷ್ 26 ಯಾರ್ಡ್ ಓಡಿ, ಕೊನೆಗೆ ಗಾಳಿಯಲ್ಲಿ ಹಾರಿ ಟಚ್‌ಡೌನ್ ಮಾಡಿ ತಂಡವನ್ನು 31-23ಕ್ಕೆ ಒಯ್ದರು ಎಂಬುದನ್ನೂ ಅದರ ಪಕ್ಕದಲ್ಲೇ ಇಡಬೇಕು.

ಈಗ ಆ ನಾಲ್ಕನೆಯ ಡೌನ್. ಯುಎಸ್‌ಸಿ 38-33ರಿಂದ ಮುಂದಿತ್ತು. ಪಂದ್ಯ ಮುಗಿಯಲು ಎರಡು ನಿಮಿಷ ಹದಿಮೂರು ಸೆಕೆಂಡ್ ಬಾಕಿ. ಚೆಂಡು ಟೆಕ್ಸಸ್‌ನ 45ನೆಯ ಯಾರ್ಡ್ ಗೆರೆಯಲ್ಲಿ, ಬೇಕಾದದ್ದು ಎರಡು ಯಾರ್ಡ್. ಅದು ಸಿಕ್ಕಿದ್ದರೆ ಸತತ ಮೂರನೆಯ ರಾಷ್ಟ್ರೀಯ ಚಾಂಪಿಯನ್ ಪಟ್ಟ ಬಹುಮಟ್ಟಿಗೆ ಕೈಯಲ್ಲಿತ್ತು. ಕ್ಯಾರಲ್ ಪಂಟ್ ಮಾಡಿಸದೆ ಓಟಕ್ಕೆ ಹೋದರು. ಚೆಂಡು ವೈಟ್ ಕೈಗೆ ಹೋಯಿತು. ಮೈಕೆಲ್ ಹಫ್ ಮತ್ತು ಅವರ ಸಂಗಡಿಗರು ಮಧ್ಯದಲ್ಲಿ ತಡೆದು ನಿಲ್ಲಿಸಿದರು. ಗುರುತಿಗೆ ಸ್ವಲ್ಪವೇ ಹಿಂದೆ ಓಟ ನಿಂತಿತು. ಬುಷ್ ಆಗ ಅಂಕಣದ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಯಂಗ್ ಅಲ್ಲಿಂದ ತಂಡವನ್ನು ಮುನ್ನಡೆಸಿ, 19 ಸೆಕೆಂಡ್ ಉಳಿದಿರುವಾಗ, ಅವರದೂ ನಾಲ್ಕನೆಯ ಡೌನ್‌ನಲ್ಲಿಯೇ, ಬಲ ಮೂಲೆಗೆ ಓಡಿ ಟಚ್‌ಡೌನ್ ಮಾಡಿದರು. ಅಂತಿಮ ಫಲಿತಾಂಶ ಟೆಕ್ಸಸ್ 41, ಯುಎಸ್‌ಸಿ 38.

ಪಂಟ್ ಮಾಡಬೇಕಿತ್ತು ಎನ್ನುವವರ ವಾದವನ್ನು ನಾನು ಒಪ್ಪುವುದಿಲ್ಲ. ಅಲ್ಲಿಂದ ಒದ್ದರೆ ಟೆಕ್ಸಸ್‌ಗೆ ಮೂವತ್ತು ಮೂವತ್ತೈದು ಯಾರ್ಡ್ ಹೆಚ್ಚು ದೂರ ಸಿಗುತ್ತಿತ್ತು, ಅಷ್ಟೆ. ಆ ರಾತ್ರಿ ಯಂಗ್ ಪಾಸಿನಲ್ಲಿ 267 ಮತ್ತು ಓಟದಲ್ಲಿ 200 ಯಾರ್ಡ್ ಗಳಿಸಿದರು. ಯುಎಸ್‌ಸಿ ರಕ್ಷಣೆ ಅವರನ್ನು ತಡೆಯುವ ಸ್ಥಿತಿಯಲ್ಲಿ ಇರಲಿಲ್ಲ. ಎರಡು ಯಾರ್ಡ್ ಗಳಿಸಿ ಪಂದ್ಯ ಮುಗಿಸುವ ಅವಕಾಶ ಕೈಯಲ್ಲಿರುವಾಗ ಚೆಂಡನ್ನು ಅಂಥ ಆಟಗಾರನಿಗೆ ಒಪ್ಪಿಸುವುದು ಜಾಣತನವಲ್ಲ. ವೈಟ್ ಕೈಗೆ ಚೆಂಡು ಕೊಟ್ಟದ್ದನ್ನೂ ನಾನು ಸಮರ್ಥಿಸುತ್ತೇನೆ. ಮೂರು ವರ್ಷ ಇಂಥ ಯಾರ್ಡ್‌ಗಳನ್ನು ಗಳಿಸುತ್ತ ಬಂದವರು, ಆ ರಾತ್ರಿಯೂ ಮೂರು ಬಾರಿ ಗುರಿಗೆರೆ ದಾಟಿದವರು ಅವರೇ. ಅವರು ನಿಂತುಹೋದರು ಎಂಬ ಒಂದೇ ಕಾರಣಕ್ಕೆ ಆಯ್ಕೆಯನ್ನು ತಪ್ಪು ಎನ್ನುವುದು ಫಲಿತಾಂಶ ನೋಡಿ ಬುದ್ಧಿ ಹೇಳಿದಂತೆ.

ತಪ್ಪಾದದ್ದು ಬೇರೆ ಕಡೆ. ಬುಷ್ ಅಂಕಣದಲ್ಲಿ ಇಲ್ಲ ಎಂಬುದು ಕಾಣುತ್ತಿದ್ದಂತೆ ಟೆಕ್ಸಸ್‌ನ ಒಂದು ದೊಡ್ಡ ಚಿಂತೆ ಕಳೆಯಿತು. ಅಂಚಿಗೆ ಓಟ ಬರಬಹುದು, ಬದಿಗೆ ಸಣ್ಣ ಪಾಸ್ ಬರಬಹುದು ಎಂದು ಒಬ್ಬಿಬ್ಬರನ್ನು ಹೊರಗೆ ಇರಿಸಬೇಕಾದ ಅಗತ್ಯ ಉಳಿಯಲಿಲ್ಲ. ಸೇಫ್ಟಿಯಾದ ಹಫ್ ಹಿಂಜರಿಯದೆ ನೇರ ಮಧ್ಯಕ್ಕೆ ನುಗ್ಗಬಹುದಾಯಿತು. ಬುಷ್ ಬದಿಯಲ್ಲಿ ನಿಂತಿದ್ದರೆ, ಅಥವಾ ಚೆಂಡು ಬಿಡುವ ಮುನ್ನ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿದ್ದರೆ ಸಾಕಾಗಿತ್ತು. ಅವರನ್ನು ಹಿಂಬಾಲಿಸಲು ಒಬ್ಬ ರಕ್ಷಕ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೂ ವೈಟ್‌ಗೆ ಬೇಕಾದ ಅಷ್ಟು ಜಾಗ ತೆರೆಯುತ್ತಿತ್ತು. ಆ ರಾತ್ರಿ ಲೈನಾರ್ಟ್ 40 ಪಾಸ್‌ಗಳಲ್ಲಿ 29 ಪೂರ್ಣಗೊಳಿಸಿದ್ದರು ಎಂಬುದನ್ನು ಸೇರಿಸಿ ನೋಡಿದರೆ, ಇಬ್ಬರೂ ಓಟಗಾರರು ಅಂಕಣದಲ್ಲಿದ್ದಿದ್ದರೆ ಟೆಕ್ಸಸ್ ಮೂರು ಸಾಧ್ಯತೆಗಳನ್ನು ಒಟ್ಟಿಗೆ ಕಾಯಬೇಕಾಗುತ್ತಿತ್ತು. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಲೇಬೇಕಾದ ಪರಿಸ್ಥಿತಿ ಅಲ್ಲಿ ಇರಲೇ ಇಲ್ಲ. ಸೀಸನ್ ಉದ್ದಕ್ಕೂ ಇಬ್ಬರನ್ನೂ ಜೊತೆಯಾಗಿ ಬಳಸಿ ಗೆದ್ದ ತಂಡವೇ ತನ್ನ ಅತಿ ಮುಖ್ಯ ಗಳಿಗೆಯಲ್ಲಿ ಒಬ್ಬರನ್ನು ಕೆಳಗಿಳಿಸಿತು. ಇಷ್ಟು ವರ್ಷಗಳ ನಂತರವೂ ಆ ದೃಶ್ಯ ನೋಡುವಾಗ ನನಗೆ ನೋವಾಗುವುದು ಈ ಕಾರಣಕ್ಕೆ.

ಹಳೆಯ ದಾಖಲೆಗಳನ್ನು ನೋಡುವಾಗ ನಿಮ್ಮ ಮಗನಿಗೆ ಒಂದು ಗೊಂದಲ ಎದುರಾಗಬಹುದು. ಬುಷ್ ಮತ್ತು ಅವರ ಕುಟುಂಬ ನಿಯಮಬಾಹಿರವಾಗಿ ಆರ್ಥಿಕ ನೆರವು ಪಡೆದಿತ್ತು ಎಂದು ತೀರ್ಮಾನಿಸಿದ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಎನ್‌ಸಿಎಎ, 2010ರಲ್ಲಿ ಯುಎಸ್‌ಸಿ ಮೇಲೆ ಕಠಿಣ ದಂಡನೆ ವಿಧಿಸಿತು. 2005ರ ಸೀಸನ್ನಿನ ಗೆಲುವುಗಳನ್ನು ದಾಖಲೆಯಿಂದ ತೆಗೆಯಲಾಯಿತು. ಬುಷ್ ಅದೇ ವರ್ಷ ಹೈಸ್ಮನ್ ಪ್ರಶಸ್ತಿಯನ್ನು ಬಿಟ್ಟುಕೊಟ್ಟರು. 2024ರ ಏಪ್ರಿಲ್‌ನಲ್ಲಿ ಹೈಸ್ಮನ್ ಟ್ರಸ್ಟ್ ಅದನ್ನು ಅವರಿಗೆ ಮರಳಿಸಿತು. ಈ ಪ್ರಕರಣದ ನ್ಯಾಯ ಅನ್ಯಾಯ ಏನೇ ಇರಲಿ, ಅವರು ಓಡಿದ ಯಾರ್ಡ್‌ಗಳ ಗುಣಮಟ್ಟವನ್ನು ಅಳೆಯುವುದಕ್ಕೆ ಅದು ಅಳತೆಗೋಲಲ್ಲ.

ವೃತ್ತಿಪರ ಲೀಗಿನ ಸಾಧನೆಯನ್ನು ಹಿಡಿದು ಕಾಲೇಜಿನ ವಾದವನ್ನು ಮುಗಿಸುವವರೂ ಇದ್ದಾರೆ. ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2006ರ ಡ್ರಾಫ್ಟ್‌ನಲ್ಲಿ ಬುಷ್ ಎರಡನೆಯವರಾಗಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೂ, ವೈಟ್ 45ನೆಯವರಾಗಿ ಟೆನೆಸಿ ಟೈಟನ್ಸ್ ತಂಡಕ್ಕೂ ಹೋದರು. ಟೈಟನ್ಸ್ ಅದೇ ಡ್ರಾಫ್ಟ್‌ನಲ್ಲಿ ಮೂರನೆಯವರಾಗಿ ಆರಿಸಿಕೊಂಡದ್ದು ವಿನ್ಸ್ ಯಂಗ್ ಅವರನ್ನು. ಹೀಗೆ ವೈಟ್ ತನ್ನನ್ನು ಸೋಲಿಸಿದವರ ಜೊತೆಗಾರರಾದರು. ವೈಟ್ 2007ರಲ್ಲಿ 1,110 ಯಾರ್ಡ್ ಓಡಿದರು. 2008ರಲ್ಲಿ ವೇಗದ ಓಟಗಾರ ಕ್ರಿಸ್ ಜಾನ್ಸನ್ ಜೊತೆಗೂಡಿ 15 ಟಚ್‌ಡೌನ್ ಮಾಡಿದರು. ಬುಷ್ ಮೊದಲ ವರ್ಷವೇ 88 ಪಾಸ್ ಹಿಡಿದರು, 2009ರ ಸೀಸನ್ನಿನ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದ ಸೇಂಟ್ಸ್ ತಂಡದಲ್ಲಿದ್ದರು, ಆದರೆ ಓಟದಲ್ಲಿ ಸಾವಿರ ಯಾರ್ಡ್ ದಾಟಿದ್ದು 2011ರಲ್ಲಿ, ಮಯಾಮಿ ತಂಡಕ್ಕೆ ಹೋದ ಮೇಲೆಯೇ. ಕಾಲೇಜಿನಲ್ಲಿ ಅಂಚಿನಿಂದ ತಪ್ಪಿಸಿಕೊಂಡು ಹೋಗುತ್ತಿದ್ದ ಓಟಗಳು ವೃತ್ತಿಪರ ರಕ್ಷಕರ ವೇಗದ ಮುಂದೆ ಕಷ್ಟವಾದವು. ಪಾಸ್ ಹಿಡಿಯುವ ಕಲೆ ಮಾತ್ರ ಅಲ್ಲಿಯೂ ಪೂರ್ತಿ ಉಳಿಯಿತು. ವೈಟ್ ಲೀಗಿನಲ್ಲಿ ಕೊನೆಯದಾಗಿ ಆಡಿದ್ದು 2009ರ ಸೀಸನ್ನಿನಲ್ಲೇ. ಇವೆಲ್ಲ ಆಸಕ್ತಿಯ ಸಂಗತಿಗಳು, ಆದರೆ ಬೇರೆ ವಯಸ್ಸು, ಬೇರೆ ತಂಡ, ಬೇರೆ ಎದುರಾಳಿಗಳ ಕಥೆ. ನಿಮ್ಮ ಮನೆಯ ವಾದಕ್ಕೆ 2005ರ ಆ 397 ಓಟಗಳೇ ಸಾಕು.

ನೀವೆಲ್ಲ ಕುಳಿತು ಆ ರೋಸ್ ಬೌಲ್ ಪಂದ್ಯದ ದೃಶ್ಯಗಳನ್ನು ಮತ್ತೆ ನೋಡುವುದಾದರೆ, ಚೆಂಡು ಹಿಡಿದವನನ್ನು ಬಿಟ್ಟು, ಚೆಂಡು ಚಲಿಸುವ ಒಂದು ಕ್ಷಣ ಮೊದಲು ಟೆಕ್ಸಸ್‌ನ ಲೈನ್‌ಬ್ಯಾಕರ್‌ಗಳು ಮತ್ತು ಸೇಫ್ಟಿಗಳು ಎಲ್ಲಿ ನಿಂತಿದ್ದಾರೆ, ಯಾರ ಕಡೆ ಮುಖ ಮಾಡಿದ್ದಾರೆ ಎಂಬುದನ್ನು ಗಮನಿಸಿ. ಬುಷ್ ಇರುವ ಡೌನ್‌ಗಳಲ್ಲಿ ಮತ್ತು ಇಲ್ಲದ ಡೌನ್‌ಗಳಲ್ಲಿ ಅದು ಹೇಗೆ ಬದಲಾಗುತ್ತದೆ ಎಂಬುದನ್ನು ಮಗನಿಗೆ ಒಂದು ಹಾಳೆಯಲ್ಲಿ ಗುರುತು ಹಾಕಲು ಹೇಳಿ; ನಾಲ್ಕನೆಯ ಕ್ವಾರ್ಟರ್ ಒಂದನ್ನೇ ಹೀಗೆ ನೋಡಿದರೂ ಸಾಕು.